ತೊಮೆ ಮುದುಕಿಯ ದನಿ

ರಚನಾ ಮತ್ತು ತೇಜಸರ ಜಗಳ ಶಾಲೆಯ ದಿನಗಳಲ್ಲಿ ಶುರುವಾದದ್ದು. ಇಬ್ಬರೂ ದುಡಿಯಲು ಹತ್ತಿದರೂ ಅದು ಮುಗಿದಿರಲಿಲ್ಲ. ಇಬ್ಬರಿಗೂ ಹಿಡಿದದ್ದು ಒಂದೇ ಹುಚ್ಚು, ಪಕ್ಷ ಮಾತ್ರ ಬೇರೆ. ಜಪಾನಿನ ಚಿತ್ರಕಥೆಯ ಪುಸ್ತಕ, ಅಂದರೆ ಮಾಂಗಾ, ಅದೇ ಅಸಲಿ, ಉಳಿದದ್ದೆಲ್ಲ ಅದರ ನಕಲು ಎಂದು ರಚನಾ ಹೇಳುತ್ತಿದ್ದಳು. ಆ ಪುಸ್ತಕದ ಚಿತ್ರಗಳು ಪರದೆಯ ಮೇಲೆ ಬಣ್ಣ, ಸಂಗೀತ, ಮಾತು ತುಂಬಿಕೊಂಡು ಅನಿಮೆಯಾಗಿ ಓಡಾಡತೊಡಗಿದ ಮೇಲೇ ಅವಕ್ಕೆ ಜೀವ ಬರುವುದು ಎಂದು ತೇಜಸ್. ಹೀಗೆ ಜಗಳವಾಡುತ್ತಲೇ ಅವರಿಬ್ಬರೂ ಸೇರಿ ಒಂದು ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದರು. ಒಂದು ಕಡೆ ಪುಸ್ತಕದ ಪುಟ, ಇನ್ನೊಂದು ಕಡೆ ಅನಿಮೆಯ ಅದೇ ದೃಶ್ಯ. ಯಾವುದು ಉಳಿದಿದೆ, ಯಾವುದು ಹೋಗಿದೆ, ಯಾವುದನ್ನು ಹೊಸದಾಗಿ ತುರುಕಿದ್ದಾರೆ ಎಂದು ಹಿಂದಿಯಲ್ಲಿ, ನಡುನಡುವೆ ಮರಾಠಿಯಲ್ಲಿ ಕಚ್ಚಾಡುತ್ತಿದ್ದರು. ನೋಡುವವರು ಬಹಳ ಮಂದಿಯಿರಲಿಲ್ಲ, ಆದರೆ ಇದ್ದವರು ಬಿಡದೆ ನೋಡುತ್ತಿದ್ದರು.

ತೇಜಸ್ ನಾಗ್ಪುರದ ಗಾಂಧಿಬಾಗಿನಲ್ಲಿ ರಚನಾಳ ಗಲ್ಲಿಯದೇ ಎದುರುಮನೆಯ ಮರಾಠಿ ಹುಡುಗ. ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವುದು ಅವನ ಕಸುಬು. ರಚನಾ ಸದರ್ ಬಡಾವಣೆಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಕ್ಯಾಲೆಂಡರುಗಳ ಡಿಸೈನ್ ಮಾಡುತ್ತಿದ್ದಳು. ಅವಳದು ಕನ್ನಡ ಮಾತಾಡುವ ಮನೆ, ಅಪ್ಪ ಶಿವಶರಣಪ್ಪ ಸೀರೆಯ ಸಗಟು ವ್ಯಾಪಾರಿ. ಕೆಳಗೆ ಅಂಗಡಿ, ಮೇಲೆ ಮನೆ. ಮೇಲಿನ ಪಡಸಾಲೆಗೆ ಗಲ್ಲಿಯ ಕಡೆಯ ಕಿಟಕಿಯಿಂದ ಒಳ್ಳೆಯ ಬೆಳಕು ಬರುತ್ತಿದ್ದುದರಿಂದ ಇವರ ಶೂಟಿಂಗ್ ಯಾವಾಗಲೂ ಅಲ್ಲೇ. ರಚನಾ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು, ತೇಜಸ್ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎದುರು ಕೂರುತ್ತಿದ್ದ.

ಆ ಗೋಡೆಯ ಮೇಲೆ ಎರಡು ಫೋಟೋಗಳಿದ್ದವು. ಒಂದು ತೀರಿಹೋದ ಅಜ್ಜನದು. ಅದರ ಪಕ್ಕದ್ದು ದಾಕ್ಷಾಯಿಣಿ ಅತ್ತೆಯದು. ಅಪ್ಪನ ತಂಗಿ. ಎರಡು ಜಡೆಯನ್ನು ಮುಂದಕ್ಕೆ ಬಿಟ್ಟುಕೊಂಡು, ನಗು ತಡೆಯಲಾಗದೆ ತುಟಿ ಕಚ್ಚಿ ನಿಂತ ಹುಡುಗಿ. ಎರಡಕ್ಕೂ ಗಂಧದ ಮಾಲೆ. ರಚನಾ ಕೂಸಾಗಿದ್ದಾಗ ಅತ್ತೆ ಸೊಲ್ಲಾಪುರದಲ್ಲಿ ಗಂಡನ ಮನೆಯಲ್ಲಿ ಜ್ವರ ಬಂದು ಸತ್ತಳು ಎಂದಷ್ಟೇ ಅವಳಿಗೆ ಗೊತ್ತು. ಪ್ರತಿ ಸೋಮವಾರ ಅವ್ವ ಆ ಫೋಟೋಗಳಿಗೆ ವಿಭೂತಿ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದಳು. ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಟಾಗ ರಚನಾ ಅತ್ತೆಯ ಫೋಟೋಗೂ ಕೈ ಮುಗಿದು ಗಣಿತದಲ್ಲಿ ಪಾಸು ಮಾಡಿಸು ಎಂದು ಬೇಡಿಕೊಂಡದ್ದುಂಟು.

ಆ ಏಪ್ರಿಲಿನಲ್ಲಿ ಇಬ್ಬರೂ ಕೈಗೆತ್ತಿಕೊಂಡದ್ದು ‘ಉಪ್ಪಿನ ದೋಣಿ’ ಎಂಬ ಮಾಂಗಾ. ತೊಮೆ ಎಂಬ ಮುದುಕಿ ದೋಣಿಯಲ್ಲಿ ಉಪ್ಪು ಸಾಗಿಸುತ್ತಾಳೆ. ಕಿರಿ ಎಂಬ ಅನಾಥ ಹುಡುಗಿ ಅವಳ ದೋಣಿ ಹತ್ತುತ್ತಾಳೆ, ಇಳಿಯುವುದೇ ಇಲ್ಲ. ಕಥೆಯ ಕೊನೆಯ ಕಡೆ, ತೊಮೆ ಸಾಯುವ ಹಿಂದಿನ ದಿನ, ಅವಳು ಕಿರಿಯ ತಲೆ ಬಾಚುತ್ತಾಳೆ. ಪುಟದ ಮೇಲೆ ಪುಟ ಬರೀ ಕೂದಲು, ಬಾಚಣಿಗೆ, ಕೈ. ಮುದುಕಿಯ ಬಾಯಿ ತೆರೆದಿದೆ, ಮಾತಿನ ಗುಳ್ಳೆಯನ್ನೂ ಬರೆದಿದ್ದಾರೆ, ಆದರೆ ಗುಳ್ಳೆಯ ಒಳಗೆ ಏನೂ ಇಲ್ಲ. ಆ ಖಾಲಿ ಗುಳ್ಳೆಗಳನ್ನು ನೋಡಿ ರಚನಾ ಮೊದಲ ಸಲ ಓದಿದಾಗ ಪ್ರೆಸ್ಸಿನ ಬಾತ್‌ರೂಮಿಗೆ ಹೋಗಿ ಅತ್ತಿದ್ದಳು. ಅನಿಮೆಯವರು ಅಲ್ಲಿ ಪಿಟೀಲು ಹಾಕಿ, ಮುದುಕಿಯಿಂದ ಒಂದು ರಾಗ ಗುನುಗಿಸಿದ್ದರು.

ಶನಿವಾರ ಹಾಕಿದ ಮೊದಲ ಭಾಗದ ವಿಡಿಯೋದಲ್ಲಿ ರಚನಾ ಕಿಡಿ ಕಾರಿದ್ದಳು. “ಬರೆದವರು ಬೇಕೆಂದೇ ಬಿಟ್ಟ ಜಾಗ ಅದು. ಓದುವವನು ತನ್ನ ಅಜ್ಜಿಯನ್ನೋ ಅಮ್ಮನನ್ನೋ ಅಲ್ಲಿ ಕೂರಿಸಿಕೊಳ್ಳಲಿ ಅಂತ. ಇವರು ಬಂದು ತುಂಬಿಬಿಟ್ಟರು. ಆ ಮುದುಕಿ ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!”

ಭಾನುವಾರ ಬೆಳಿಗ್ಗೆ ನೋಡಿದರೆ ಯಾರೋ ಕಮೆಂಟು ಹಾಕಿದ್ದರು: ಜಪಾನಿ ಆವೃತ್ತಿಯನ್ನೇ ಹಿಡಿದುಕೊಂಡು ಕೂತಿದ್ದೀರಲ್ಲ, ಹಿಂದಿ ಡಬ್ಬಿಂಗ್ ಕೇಳಿದ್ದೀರಾ? ಅಲ್ಲಿ ಮುದುಕಿ ಬೇರೆ ಏನನ್ನೋ ಹಾಡುತ್ತಾಳೆ, ಒಂದು ಶಬ್ದವೂ ಅರ್ಥವಾಗುವುದಿಲ್ಲ.

ಮಧ್ಯಾಹ್ನ ತೇಜಸ್ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಅವ್ವ ತವರಿನ ಮದುವೆಗೆಂದು ಬೀದರಿಗೆ ಹೋಗಿದ್ದಳು, ಅಪ್ಪ ಸಮಾಜದ ಸಭೆಗೆ. ಅಡುಗೆಮನೆಯ ಹೊಸ್ತಿಲ ಬಳಿ ಅಜ್ಜಿ ಬಸವಣ್ಣೆವ್ವ ಹುಣಸೆಹಣ್ಣು ಹರಡಿಕೊಂಡು ಬೀಜ ಬಿಡಿಸುತ್ತಿದ್ದಳು. ತೇಜಸ್ ಹಿಂದಿ ಆವೃತ್ತಿ ಹಾಕಿ, ನೇರವಾಗಿ ತಲೆ ಬಾಚುವ ದೃಶ್ಯಕ್ಕೆ ಹೋದ.

ಪಿಟೀಲು ಬಂತು. ಕಿರಿಯ ಉದ್ದನೆಯ ಕೂದಲಿಗೆ ಬಾಚಣಿಗೆ ಇಳಿಯಿತು. ಒಡೆದ, ಬೆಚ್ಚಗಿನ ದನಿಯೊಂದು ಮೆಲ್ಲಗೆ ಗುನುಗಿತು:

*ಸಿಕ್ಕವ್ವಾ ಸಿಕ್ಕವ್ವಾ, ಹಣಿಗಿಗಿ ಸಿಕ್ಕವ್ವಾ,*
*ಒಂದ್ ಎಳಿ ಬಿಟ್ರ ನಕ್ಕವ್ವಾ…*

“ನೋಡು, ಬರೀ ಅಬ್ಬಬ್ಬ-ಜಬ್ಬಬ್ಬ,” ಎಂದ ತೇಜಸ್. “ಬಾಯಿಗೆ ಬಂದದ್ದು ಹಾಡಿಬಿಟ್ಟಿದ್ದಾಳೆ.”

ರಚನಾ ಕುರ್ಚಿಯಿಂದ ಎದ್ದೇ ಬಿಟ್ಟಿದ್ದಳು. “ತೇಜಸ್, ಇದು ಕನ್ನಡ!”

“ಏನು ಹೇಳ್ತಿದ್ದೀಯ?”

“ದೇವರಾಣೆ ಕನ್ನಡ! ನಮ್ಮ ಕಡೆಯ ಕನ್ನಡ! ಹಣಿಗಿ ಅಂದರೆ ಬಾಚಣಿಗೆ. ಸಿಕ್ಕು ಅಂದರೆ ಗಂಟು.” ಜಪಾನಿನ ಮುದುಕಿ, ಮುಂಬಯಿಯ ಹಿಂದಿ, ಅದರೊಳಗೆ ತಮ್ಮ ಅಡುಗೆಮನೆಯ ಮಾತು. ಅವಳಿಗೆ ನಗು ತಡೆಯಲಾಗಲಿಲ್ಲ. “ಅಜ್ಜೀ! ಇಲ್ಲಿ ಜರಾ ಕೇಳಬಾ. ಇದು ಕನ್ನಡ ಹೌದೋ ಅಲ್ಲೋ ಹೇಳು,” ಎಂದು ಲ್ಯಾಪ್‌ಟಾಪನ್ನು ಎತ್ತಿಕೊಂಡು ಹೋಗಿ ಅಜ್ಜಿಯ ಮುಂದಿಟ್ಟು ಮತ್ತೆ ಹಚ್ಚಿದಳು.

ಅಜ್ಜಿ ಕೇಳಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಕೈಗಳು ಹುಣಸೆಹಣ್ಣು ಬಿಡಿಸುತ್ತಲೇ ಇದ್ದವು. ಆದರೆ ರಚನಾಳ ಕಣ್ಣು ಅತ್ತ ಹೋದಾಗ ಅಜ್ಜಿ ಬೀಜಗಳನ್ನು ಜಾಡಿಗೆ ಹಾಕಿ, ಹಣ್ಣನ್ನು ಕಸದ ಮೊರಕ್ಕೆ ಎಸೆಯುತ್ತಿದ್ದಳು. ಒಂದು, ಇನ್ನೊಂದು, ಮತ್ತೊಂದು.

“ಅಜ್ಜಿ?”

“ಬಂದ್ ಮಾಡದನ್ನ.”

ರಚನಾ ಬಂದ್ ಮಾಡಿದಳು. ಅಜ್ಜಿ ಸೆರಗಿನಿಂದ ಬಾಯಿ ಒತ್ತಿಕೊಂಡು ಕೂತಳು. ಆಮೇಲೆ, “ಮತ್ತೊಮ್ಮೆ ಹಚ್ಚು,” ಎಂದಳು.

ಮತ್ತೊಮ್ಮೆ ಹಚ್ಚಿದಾಗ ಅಜ್ಜಿಯ ತುಟಿಗಳು ಹಾಡಿನ ಜೊತೆಗೆ ಅಲುಗಿದವು. ಒಂದು ಶಬ್ದವೂ ತಪ್ಪಲಿಲ್ಲ. ರಚನಾಳ ನಗು ಅಲ್ಲಿಗೇ ನಿಂತಿತು.

“ಈ ಹಾಡು ನಿನಗ ಹ್ಯಾಂಗ ಗೊತ್ತು ಅಜ್ಜಿ?”

“ನಾ ಕಟ್ಟಿದ್ದು. ಅಕಿ ತಲಿ ಹಿಕ್ಕುವಾಗ ಅಳತಿದ್ಳಂತ ಕಟ್ಟಿದ್ದು. ಮತ್ತ್ಯಾರಿಗೂ ಹೇಳಿಕೊಟ್ಟಿಲ್ಲ.” ಅಜ್ಜಿ ಪರದೆಯ ಮೇಲಿನ ಮುದುಕಿಯನ್ನು ಬೆರಳಿನಿಂದ ಮುಟ್ಟಿದಳು. “ಇಕಿ ದಾಕ್ಷಾಯಿಣಿ.”

ರಚನಾ ತಿರುಗಿ ಗೋಡೆಯನ್ನು ನೋಡಿದಳು. ಗಂಧದ ಮಾಲೆಯೊಳಗಿಂದ ಅತ್ತೆ ತುಟಿ ಕಚ್ಚಿಕೊಂಡು ನೋಡುತ್ತಿದ್ದಳು. ಬಿಸಿಲು ಧಗಧಗ ಎನ್ನುವ ಹೊತ್ತಿನಲ್ಲಿ ರಚನಾಳ ಬೆನ್ನಹುರಿಯಲ್ಲಿ ತಣ್ಣನೆ ಏನೋ ಇಳಿದಂತಾಯಿತು.

“ಇದು ಹೋದ ವರ್ಷದ ಡಬ್ಬಿಂಗ್ ಅಜ್ಜಿ,” ಎಂದಳು ಮೆಲ್ಲಗೆ, ವಯಸ್ಸಾದವರಿಗೆ ಸಮಾಧಾನ ಹೇಳುವಂತೆ. “ಅತ್ತಿ ತೀರ್ಕೊಂಡು ಎಷ್ಟ ವರ್ಷ ಆತು. ಯಾರೋ ಅಕಿ ಹಂಗ ದನಿ ಇದ್ದಾಕಿ ಇರಬೇಕು.”

“ತೀರ್ಕೊಂಡ್ಳಂತ ಯಾರ್ ಹೇಳಿದ್ರು ನಿನಗ?”

“ನೀವ! ನೀವೆಲ್ಲಾರೂ ಹೇಳೀರಿ! ಫೋಟೋ ಹಾಕೀರಿ!”

ಅಜ್ಜಿ ಮೊರದಲ್ಲಿದ್ದ ಹಣ್ಣನ್ನು ನೋಡಿ, “ಅಯ್ಯ, ಎಲ್ಲಾ ಕಸದಾಗ ಹಾಕೀನಲ್ಲ,” ಎಂದು ಒಂದೊಂದೇ ಹೆಕ್ಕತೊಡಗಿದಳು. ಕನ್ನಡ ಒಂದಕ್ಷರ ತಿಳಿಯದ ತೇಜಸ್ ಇಬ್ಬರ ಮುಖವನ್ನೂ ನೋಡಿ ಲ್ಯಾಪ್‌ಟಾಪಿನ ವೈರು ಸುತ್ತಿಕೊಂಡು ಎದ್ದ. “ಹೋಗಬೇಡ, ಕೂತಿರು,” ಎಂದಳು ರಚನಾ. ಅವಳಿಗೆ ಒಬ್ಬಳೇ ಉಳಿಯಲು ಹೆದರಿಕೆಯಾಗಿತ್ತು.

ಶಿವಶರಣಪ್ಪ ಊಟದ ಹೊತ್ತಿಗೆ ಬಂದರು. ಬಿಳಿ ಟೋಪಿ ತೆಗೆದು ಗೂಟಕ್ಕೆ ಹಾಕಿ, ತೇಜಸನಿಗೆ “ಕಾಯ್ ರೆ, ಜೇವಲಾಸ್ ಕಾ?” ಎಂದು ಮರಾಠಿಯಲ್ಲಿ ಊಟ ವಿಚಾರಿಸಿ, ಕೈ ತೊಳೆಯಲು ಹೋದರು. ರಚನಾ ಅವರ ಬೆನ್ನಿಗೇ ಕೇಳಿದಳು: “ಅಪ್ಪಾ, ಅತ್ತಿ ಹ್ಯಾಂಗ ಸತ್ರು?”

“ಜ್ವರ ಬಂದು. ಯಾಕವ್ವಾ ಈಗ?”

“ಸಾಕ್ ಮಾಡೋ ಶಿವಶರಣಾ,” ಎಂದಳು ಅಜ್ಜಿ.

ನಲ್ಲಿಯ ನೀರು ಸುರಿಯುತ್ತಲೇ ಇತ್ತು. ಅಪ್ಪ ತಿರುಗಲಿಲ್ಲ. ರಚನಾ ತೇಜಸನಿಗೆ ಸನ್ನೆ ಮಾಡಿದಳು, ಅವನು ಹಾಡು ಹಚ್ಚಿದ. ಅಪ್ಪನ ಹೆಗಲು ಒಮ್ಮೆಲೆ ಕೆಳಗಿಳಿದದ್ದು ಹಿಂದಿನಿಂದಲೇ ಕಂಡಿತು. ನಲ್ಲಿ ನಿಲ್ಲಿಸದೆಯೇ ಬಂದು ಪರದೆಯ ಮುಂದೆ ಕೂತರು.

“ಎಲ್ಲಿ ಸಿಕ್ತು ಇದು?”

“ಮೊದಲು ನೀವ್ ಹೇಳ್ರಿ.”

ಅವರು ಹೇಳಿದರು. ಸೀರೆಯ ದರ ಹೇಳುವಾಗ ಎಂದೂ ತಡವರಿಸದ ಮನುಷ್ಯ, ಒಂದು ವಾಕ್ಯಕ್ಕೆ ಎರಡು ಸಲ ನೀರು ಕುಡಿದರು. ದಾಕ್ಷಾಯಿಣಿಯನ್ನು ಸೊಲ್ಲಾಪುರದ ನೂಲಿನ ವ್ಯಾಪಾರಿಯ ಮನೆಗೆ ಕೊಟ್ಟಿದ್ದರು. ಗಂಡ ಹೊಡೆಯುತ್ತಿದ್ದ. ಎರಡು ಸಲ ಹೇಳಿಕೊಂಡಳು, ಎರಡು ಸಲವೂ ತಿಳಿ ಹೇಳಿ ವಾಪಸ್ ಕಳಿಸಿದರು. ಮೂರನೆಯ ಸಲ ಸೂಟ್‌ಕೇಸ್ ಹಿಡಿದು ಬಂದು, ಇನ್ನು ಹೋಗುವುದಿಲ್ಲ, ಮುಂಬಯಿಯಲ್ಲಿ ರೇಡಿಯೋ ನಾಟಕಕ್ಕೆ ಕರೆದಿದ್ದಾರೆ, ಅಲ್ಲಿಯವರೆಗೆ ಇಲ್ಲಿರುತ್ತೇನೆ ಎಂದಳು. ಅಜ್ಜ ಬಾಗಿಲಲ್ಲೇ ನಿಲ್ಲಿಸಿದರು.

“ಬಾಗಲಾ ಹಾಕು ಅಂದ್ರು ಅಪ್ಪಾರು. ಚಿಲಕಾ ಹಾಕ್ದಾವ ನಾನ.” ಶಿವಶರಣಪ್ಪ ತಮ್ಮ ಕೈಯನ್ನೇ ನೋಡಿಕೊಂಡರು. “ಅಣ್ಣಾ, ಅಣ್ಣಾ ಅಂತ ಬಡದ್ಳು. ಗಲ್ಲಿ ತುಂಬ ಮಂದಿ. ಕತ್ತಲಾದ ಮ್ಯಾಲೆ ತಗದು ನೋಡಿದ್ರ ಇರ್ಲಿಲ್ಲ.”

“ಫೋಟೋ?”

“ಮಂದಿ ಕೇಳೋದು ಬಿಡಲಿಲ್ಲವ್ವಾ. ಮಗಳು ಎಲ್ಲಿ, ಯಾರ್ ಜೋಡಿ ಹೋದ್ಳು. ಅಪ್ಪಾರು ಒಂದಿನ ಮಾಲಿ ಹಾಕಿಸಿ ತಂದ್ರು. ಸತ್ತಾಳಂತ ಹೇಳಿದ್ರ ಯಾರೂ ಮುಂದ ಕೇಳಂಗಿಲ್ಲ ಅಂದ್ರು. ಬರೋಬರ್ ಹಂಗ ಆತು.”

“ಅವ್ವಗ ಗೊತ್ತದ ಏನು?”

“ಗೊತ್ತೈತಿ.”

ರಚನಾಳಿಗೆ ಎಲ್ಲಕ್ಕಿಂತ ಹೆಚ್ಚು ಬಡಿದದ್ದು ಇದೇ. ಬದುಕಿದ್ದಾಳೆಂದು ಗೊತ್ತಿದ್ದೂ ಅವ್ವ ಸೋಮವಾರ ಸೋಮವಾರ ಆ ಗಾಜಿಗೆ ವಿಭೂತಿ ಹಚ್ಚಿದ್ದಳು. ಈ ಮನೆಯಲ್ಲಿ ರಚನಾ ಒಬ್ಬಳೇ ನಿಜವಾಗಿ ಸತ್ತವಳಿಗೆಂದು ಕೈ ಮುಗಿದವಳು. ಅಪ್ಪನ ಮುಖ ನೋಡಿದಳು. ಜ್ವರ ಬಂದರೆ ರಾತ್ರಿಯಿಡೀ ತಲೆಯ ಬಳಿ ಕೂರುತ್ತಿದ್ದ ಅದೇ ಅಪ್ಪ. ಅವರ ಮೇಲೆ ಕಿರುಚಬೇಕೆನ್ನಿಸಿತು, ಆದರೆ ಅಜ್ಜಿಯತ್ತ ತಿರುಗಿದಳು.

“ನೀ ಒಳಗ ಇದ್ದೆಲ್ಲ ಅಜ್ಜಿ?”

“ಇದ್ದೆ. ಇಲ್ಲೇ, ಈ ಹೊಸ್ತಿಲ ಮ್ಯಾಲೆ ಕುಂತಿದ್ದೆ,” ಎಂದಳು ಬಸವಣ್ಣೆವ್ವ. ಎದ್ದು ನಿಂತು, ಮೊಣಕಾಲು ಹಿಡಿದುಕೊಂಡು ಗೋಡೆಯ ಬಳಿ ಬಂದಳು. “ಸ್ಟೂಲ್ ತಗೊಂಬಾ. ಇಳಸು ಅದನ್ನ.”

ಶಿವಶರಣಪ್ಪ ಬಾಯಿ ತೆರೆದರು. ಅಜ್ಜಿ ಮಗನತ್ತ ತಿರುಗಿ ನೋಡಿದಳಷ್ಟೆ, ಅವರು ಪಕ್ಕಕ್ಕೆ ಸರಿದರು. ರಚನಾ ಸ್ಟೂಲು ಹತ್ತಿ ಫೋಟೋ ಇಳಿಸಿದಳು. ಗೋಡೆಯ ಮೇಲೆ ಬಿಳಿ ಚೌಕ ಉಳಿಯಿತು. ಅಜ್ಜಿ ಮಾಲೆ ಕಿತ್ತು ಹುಣಸೆಬೀಜದ ಕಸದ ಜೊತೆ ಹಾಕಿ ಕಟ್ಟಿದಳು. ಆ ದಿನ ಯಾರೂ ಊಟ ಮಾಡಲಿಲ್ಲ.

ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿ ಆವೃತ್ತಿಯ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ತೊಮೆಯ ಎದುರು ‘ದಕ್ಷಾ’ ಎಂದಿತ್ತು. ಅಡ್ಡಹೆಸರಿಲ್ಲ. ತೇಜಸ್ ಅವಳ ಇನ್‌ಸ್ಟಾಗ್ರಾಮ್ ಪುಟ ಹುಡುಕಿ ಕೊಟ್ಟ. ಅಲ್ಲಿ ಮುಖದ ಫೋಟೋ ಒಂದೂ ಇರಲಿಲ್ಲ, ಮೈಕು ಮತ್ತು ತಾನು ದನಿ ಕೊಟ್ಟ ಪಾತ್ರಗಳ ಚಿತ್ರಗಳಷ್ಟೆ: ಒಂದು ಮಾಟಗಾತಿ, ಒಂದು ರಾಣಿ, ಒಂದು ಮಾತಾಡುವ ಬೆಕ್ಕು. ಏನು ಬರೆಯುವುದು? ರಚನಾ ಹತ್ತು ಸಲ ಬರೆದು ಅಳಿಸಿದಳು. ನೀವು ನಮ್ಮ ಅತ್ತೆಯೇ ಎಂದು ಕೇಳಲು ಧೈರ್ಯ ಬರಲಿಲ್ಲ. ಕೊನೆಗೆ ಕನ್ನಡದಲ್ಲಿ ಮಾತಾಡಿ ಕಳಿಸಿದಳು: “ನಮಸ್ಕಾರ್ರೀ. ನಾನು ‘ಉಪ್ಪಿನ ದೋಣಿ’ ಬಗ್ಗೆ ವಿಡಿಯೋ ಮಾಡ್ತೀನಿ. ತೊಮೆ ಹಾಡೋ ಹಾಡು ನಿಮಗ ಯಾರ್ ಕಲಿಸಿದ್ರು ಅಂತ ಕೇಳಬೇಕಿತ್ತು.”

ಮರುದಿನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯೊಂದಕ್ಕೆ ಗಣಪತಿಯನ್ನು ಕೂರಿಸುತ್ತಿದ್ದಾಗ ಉತ್ತರ ಬಂತು. ಅದೂ ದನಿಯೇ. ರಚನಾ ಹೊರಗೆ ಓಡಿಹೋಗಿ, ಬೇವಿನ ಮರದ ಕೆಳಗೆ ನಿಂತು ಕಿವಿಗೆ ಹಚ್ಚಿಕೊಂಡಳು. ತೊಮೆಯ ದನಿಯೇ, ಆದರೆ ಮುದಿತನವನ್ನು ಕಳಚಿಟ್ಟ ದನಿ.

“ನಿನ್ನ ವಿಡಿಯೋ ನಾ ಶನಿವಾರನ ನೋಡೇನವ್ವಾ. ನಮ್ಮ ಸೀರಿಯಲ್ ಬಗ್ಗೆ ಮಂದಿ ಏನಂತಾರಂತ ಹುಡುಕಿ ಹುಡುಕಿ ನೋಡೋದು ನನ್ನ ಚಾಳಿ. ಮುದುಕಿ ಬಾಯಿ ಮುಚ್ಚಿದ್ರ ಚಲೋ ಇತ್ತು ಅಂದಿ. ಅನ್ನು, ಅದಕ್ಕೇನು ಬ್ಯಾಸರಿಲ್ಲ. ಆಮ್ಯಾಲೆ ನಿನ್ನ ಮಾತ ನನ್ನ ಕಿವಿಗೆ ಬೀಳಲಿಲ್ಲ. ನಿನ್ನ ಹಿಂದ ಗ್ವಾಡಿ ಮ್ಯಾಲೆ ಎರಡು ಫೋಟೋ ಇದ್ವು. ಒಂದು ನಮ್ಮಪ್ಪಂದು. ಅಪ್ಪ ಹೋದದ್ದು ನನಗ ಗೊತ್ತಿರ್ಲಿಲ್ಲ. ಇನ್ನೊಂದಕ್ಕ ಯಾಕ ಮಾಲಿ ಹಾಕೀರಿ?”

ರಚನಾ ಮರಕ್ಕೆ ಒರಗಿದಳು. ಮಾಂಗಾ ಹೆಚ್ಚೋ ಅನಿಮೆ ಹೆಚ್ಚೋ ಎಂದು ಕೈ ಕುಣಿಸುತ್ತ ತಾನು ವಾದಿಸುತ್ತಿದ್ದಾಗ ತನ್ನ ತಲೆಯ ಮೇಲೆ ಆ ಮಾಲೆ ತೂಗುತ್ತಿತ್ತು, ಮಾಲೆಯ ಒಳಗಿದ್ದವಳು ಎಲ್ಲೋ ಕೂತು ಅದನ್ನು ನೋಡುತ್ತಿದ್ದಳು. ತಂದೆ ಸತ್ತ ಸುದ್ದಿಯನ್ನೂ ತಾನು ಸತ್ತ ಸುದ್ದಿಯನ್ನೂ ಅವಳಿಗೆ ಒಟ್ಟಿಗೆ ಮುಟ್ಟಿಸಿದ್ದು ತಾನೇ. ಪ್ರೆಸ್ಸಿನ ಮಾಲೀಕ ಬಾಗಿಲಿಗೆ ಬಂದು “ತಬಿಯತ್ ಠೀಕ್ ಹೈ ನಾ?” ಎಂದು ಆರೋಗ್ಯ ವಿಚಾರಿಸಿದ್ದಕ್ಕೆ ತಲೆ ಮಾತ್ರ ಆಡಿಸಿದಳು. ಆಮೇಲೆ ಮೊಬೈಲ್ ಬಾಯಿಯ ಹತ್ತಿರ ತಂದು ಒಂದೇ ಮಾತು ಹೇಳಿದಳು: “ಅತ್ತಿ, ಅಜ್ಜಿ ಫೋಟೋ ಇಳಿಸ್ಯಾಳ.”

ಸಂಜೆ ಅವಳು ಸ್ಕೂಟಿ ಹತ್ತುವ ಹೊತ್ತಿಗೆ ಒಂದು ವಿಳಾಸ ಬಂತು. ರಚನಾ ಅದನ್ನು ಮೂರು ಸಲ ಓದಿದಳು. ಮುಂಬಯಿ ಅಲ್ಲ. ಮನೀಶ್ ನಗರ. ಇದೇ ಊರು. ವರ್ಧಾ ರೋಡಿನ ಪಕ್ಕದ ಮನೀಶ್ ನಗರ. ಹೋದ ದೀಪಾವಳಿಗೆ ಅವಳೇ ತೇಜಸನ ಜೊತೆ ಅಲ್ಲಿಗೆ ಚಾಟ್ ತಿನ್ನಲು ಹೋಗಿದ್ದಳು.

ಅಪ್ಪ ಬರುವುದಿಲ್ಲ ಎಂದರು. “ಯಾವ ಮಾರಿ ಇಟ್ಕೊಂಡು ಬರ್ಲಿ?” ಎಂದು ಅಂಗಡಿಗೆ ಇಳಿದುಹೋದರು. ರಚನಾ ಒತ್ತಾಯ ಮಾಡಲಿಲ್ಲ. ಅವಳಿಗೂ ಅಪ್ಪನ ಜೊತೆ ಒಂದೇ ಆಟೋದಲ್ಲಿ ಕೂರುವ ಮನಸ್ಸಿರಲಿಲ್ಲ. ಮರುದಿನ ಮಧ್ಯಾಹ್ನ ಅಜ್ಜಿಯೊಬ್ಬಳನ್ನೇ ಕರೆದುಕೊಂಡು ಹೊರಟಳು. ವರ್ಧಾ ರೋಡಿಗೆ ಬಂದಾಗ ಅಜ್ಜಿ, “ಇಷ್ಟ ಸಮೀಪ ಏನ?” ಎಂದು ಕೇಳಿದಳು.

ಬಾಗಿಲು ತೆರೆದವಳನ್ನು ನೋಡಿ ರಚನಾ ಒಂದು ಹೆಜ್ಜೆ ಹಿಂದೆ ಸರಿದಳು. ಅವಳು ಎದುರು ನೋಡಿದ್ದು ಎರಡು ಜಡೆಯ ಹುಡುಗಿಯನ್ನು. ಅಲ್ಲಿ ನಿಂತದ್ದು ಕೂದಲನ್ನು ಗಂಡಸರಂತೆ ತೀರ ಸಣ್ಣಗೆ ಕತ್ತರಿಸಿಕೊಂಡ, ಪೂರಾ ನರೆತ, ದಪ್ಪ ಕನ್ನಡಕದ ಹೆಂಗಸು. ಕೊರಳಲ್ಲಿ ಹೆಡ್‌ಫೋನು ಜೋತಾಡುತ್ತಿತ್ತು.

ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿದರು. ಬಸವಣ್ಣೆವ್ವನ ಕೈ ತಾನೇ ಮೇಲೆದ್ದು ಮಗಳ ತಲೆಯ ಹತ್ತಿರ ಹೋಗಿ ಗಾಳಿಯಲ್ಲಿ ನಿಂತಿತು.

“ಕೂದಲಾ?” ಎಂದಳು.

“ಹೆಡ್‌ಫೋನಿಗಿ ಅಡ್ಡ ಬರ್ತಿದ್ವು ಅವ್ವಾ. ಬರ್ರಿ ಒಳಗ.”

ಸಣ್ಣ ಮನೆ. ಒಂದು ಮೂಲೆಯಲ್ಲಿ ಕಪಾಟಿನಷ್ಟು ಅಗಲದ ಗೂಡು, ಅದರ ಮೂರು ಕಡೆಗೂ ಸದ್ದು ತಡೆಯಲು ರಜಾಯಿಯ ದಪ್ಪ ಹೊದಿಕೆ ಹೊಡೆದಿದ್ದರು, ಒಳಗೆ ಮೈಕು. ಕೊರೋನಾ ಕಾಲದಲ್ಲಿ ಸ್ಟುಡಿಯೋಗಳು ಮುಚ್ಚಿದಾಗ ಮನೆಯಿಂದಲೇ ಡಬ್ಬಿಂಗ್ ಮಾಡಲು ಕಲಿತಳಂತೆ. ಆಮೇಲೆ ಮುಂಬಯಿಯ ಬಾಡಿಗೆ ಯಾಕೆ ಎಂದು ಗೊತ್ತಿದ್ದ ಊರಿಗೆ ಬಂದಳಂತೆ. “ಬಂದು ನಾಕು ವರ್ಷ ಆತು. ಆದ್ರ ಗಾಂಧಿಬಾಗ್ ಕಡೆ ತಲಿ ಹಾಕಿಲ್ಲ. ಸೀರಿ ಬೇಕಾದ್ರ ಆನ್‌ಲೈನ್ ತರಸ್ತೀನಿ,” ಎಂದು ನಕ್ಕಳು. ನಗು ಬೇಗ ಮುಗಿಯಿತು.

ನೀರು ಕೊಟ್ಟು ಎದುರು ಕೂತ ಮೇಲೆ ಕೇಳಿಯೇ ಬಿಟ್ಟಳು. “ಅಪ್ಪಂದು ಬಿಡು. ಅಣ್ಣಂದೂ ಬಿಡು. ನೀ ಯಾಕ ಏಳ್ಲಿಲ್ಲವ್ವಾ?”

ಬಸವಣ್ಣೆವ್ವ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. “ಹೆದರಿದ್ದೆ,” ಎಂದಳು. “ನಿಮ್ಮಪ್ಪಗಲ್ಲ. ಗಲ್ಲಿ ಮಂದೀಗೆ. ಎಲ್ಲಾರೂ ಗ್ಯಾಲರಿಗೆ ಬಂದು ನಿಂತಿದ್ರು.”

ರಚನಾ ಮುಂದಿನ ಮಾತಿಗಾಗಿ ಕಾದಳು. ಅಳು, ಅಪ್ಪುಗೆ, ಏನಾದರೂ. ಅಜ್ಜಿ ಲೋಟ ಕೆಳಗಿಟ್ಟಳು. ಅತ್ತೆ ತಲೆ ಆಡಿಸಿದಳು, ಲೆಕ್ಕ ಸರಿಯಾಗಿದೆ ಎನ್ನುವವರಂತೆ. “ಖರೇ ಹೇಳಿದಿ. ಮಾಫ್ ಮಾಡ್ದೆ ಅಂತ ನಾ ಇವತ್ತ ಹೇಳಂಗಿಲ್ಲ, ಅವ್ವಾ. ಬಾಯಿಗೆ ಬರ್ಲಿಕ್ಕತ್ತಿಲ್ಲ. ಉಪ್ಪಿಟ್ಟ ಮಾಡೇನಿ, ತಿನ್ರಿ.”

ತಿನ್ನುತ್ತ ರಚನಾಳೇ ಮಾತು ತೆಗೆದಳು, ಬೇರೆ ಯಾವ ಮಾತೂ ತೋಚದೆ. “ಅತ್ತಿ, ಆ ಹಾಡು ಯಾಕ ಹಾಕಿದ್ರಿ ಅಲ್ಲಿ?”

“ಜಪಾನಿ ಹಾಡು ಹಾಕೋಹಂಗ ಇರ್ಲಿಲ್ಲ, ಏನರ ಗುನುಗ್ರಿ ಅಂದ್ರು ಡೈರೆಕ್ಟರ್. ನಾ ಡಬ್ ಮಾಡೋ ಮುಂಚೆ ಮಾಂಗಾ ಓದತೀನಿ, ಒಂದೂ ಬಿಡಂಗಿಲ್ಲ. ಆ ಖಾಲಿ ಗುಳ್ಳಿ ನೋಡಿದ್ದೆ. ಮೈಕಿನ ಮುಂದ ನಿಂತು ಆ ಹುಡುಗಿ ಕೂದಲಾ ನೋಡಿದೆ, ಬಾಯಾಗ ಅದ ಬಂತು. ನನಗೂ ಗೊತ್ತಾಗಲಿಲ್ಲ.” ಆಮೇಲೆ ಚಮಚೆಯನ್ನು ರಚನಾಳತ್ತ ತೋರಿಸಿ, “ನೀ ಹೇಳಿದ್ದು ಬರೋಬರ್ ಐತಿ. ಅಲ್ಲಿ ಸುಮ್ನಿರೋದ ಚಲೋ. ಪುಸ್ತಕದಾಗ ಸುಮ್ನಿರಬಹುದು. ನಮಗ ಯಾರ್ ಬಿಡ್ತಾರ? ಎರಡು ನಿಮಿಷ ಪರದಿ ಸುಮ್ನಾದ್ರ ಮಂದಿ ಮೊಬೈಲ್ ತಿಕ್ಕಿ ಮುಂದ ಹೋಗ್ತಾರ.”

“ಇಲ್ಲ ಅತ್ತಿ,” ಎಂದಳು ರಚನಾ. ಎರಡನೆಯ ಭಾಗದಲ್ಲಿ ಏನು ಹೇಳುವುದೆಂದು ಅವಳಿಗೇ ತಿಳಿದಿರಲಿಲ್ಲ. ಖಾಲಿ ಗುಳ್ಳೆ ಈಗಲೂ ಅವಳಿಗೆ ಇಷ್ಟವೇ. ಆದರೆ ಆ ಪುಟ ತೆರೆದರೆ ಇನ್ನು ಅದು ಖಾಲಿಯಾಗಿ ಕಾಣುವುದಿಲ್ಲ ಎಂಬುದೂ ಗೊತ್ತಾಗಿತ್ತು. “ನೀವ್ ಹಾಡದಿದ್ರ ನಾವ್ ಇಲ್ಲಿ ಇರ್ತಿರ್ಲಿಲ್ಲ,” ಎಂದಷ್ಟೇ ಹೇಳಿದಳು.

ಅತ್ತೆ ಗಡಿಯಾರ ನೋಡಿ ದಡಬಡಿಸಿ ಎದ್ದಳು. ಸಂಜೆಯೊಳಗೆ ಒಂದು ಎಪಿಸೋಡಿನ ಮಾತು ಕಳಿಸಬೇಕಿತ್ತು. “ನೀವು ಕುಂಡ್ರಿ. ಹತ್ತ ನಿಮಿಷದ ಕೆಲಸ. ಆದ್ರ ಕೂಲರ್ ಬಂದ್ ಮಾಡಬೇಕು, ಪಂಖಾನೂ ಬಂದ್. ಉಸಿರೂ ಜೋರಾಗಿ ಬಿಡಬ್ಯಾಡ್ರಿ.” ಎಲ್ಲ ಬಂದ್ ಮಾಡಿ, ರಜಾಯಿಯ ಗೂಡಿನೊಳಗೆ ನುಗ್ಗಿ ಪರದೆ ಎಳೆದುಕೊಂಡಳು.

ನಾಗ್ಪುರದ ಸೆಕೆ ಒಂದೇ ಕ್ಷಣದಲ್ಲಿ ಕೋಣೆ ತುಂಬಿತು. ಗೂಡಿನೊಳಗಿಂದ ರಾಣಿಯೊಬ್ಬಳು ಹಿಂದಿಯಲ್ಲಿ ಸೈನಿಕರನ್ನು ಗದರಿಸಿದಳು. ಆಮೇಲೆ ಬೆಕ್ಕು ಮಾತಾಡಿತು. ಬಸವಣ್ಣೆವ್ವ ಬಾಯಿ ತೆರೆದುಕೊಂಡು ಕೂತಿದ್ದಳು. ಹಣೆಯ ಬೆವರು ಕೆನ್ನೆಗೆ ಇಳಿದರೂ ಒರೆಸಿಕೊಳ್ಳಲಿಲ್ಲ, ಬಳೆ ಸದ್ದಾದೀತೆಂದು. ರಾಣಿ ಇನ್ನೇನು ಸಾಯುವುದರಲ್ಲಿದ್ದಳು, ದನಿ ನಡುಗುತ್ತ ಕೆಳಗಿಳಿಯುತ್ತಿತ್ತು. ಅಷ್ಟರಲ್ಲಿ ರಚನಾಳ ಮೊಬೈಲ್ ಗಂಟಲು ಹರಿಯುವಂತೆ ಹೊಡೆದುಕೊಂಡಿತು.

ಪರದೆ ಸರ್ರೆಂದು ಸರಿಯಿತು. “ಯಾರದು? ಪೂರಾ ಟೇಕ್ ಹಾಳಾತು!”

ರಚನಾ ಗಡಬಡಿಸಿ ಮೊಬೈಲ್ ತೋರಿಸಿದಳು. ಅದರ ಮೇಲೆ ‘ಅಪ್ಪ’ ಎಂದಿತ್ತು, ಅಂಗಡಿಯ ಗಾದಿಯ ಮೇಲೆ ಕೂತ ಶಿವಶರಣಪ್ಪನ ಫೋಟೋ ಇತ್ತು. ಅತ್ತೆ ಕನ್ನಡಕ ಮೇಲೆತ್ತಿ ಆ ಬೋಳುತಲೆಯ, ದಪ್ಪಗಾದ ಮನುಷ್ಯನನ್ನು ನೋಡಿದಳು. ಮೊಬೈಲ್ ಇನ್ನೂ ಹೊಡೆದುಕೊಳ್ಳುತ್ತಿತ್ತು. ಅತ್ತೆ ಅದನ್ನು ಕಸಿದುಕೊಂಡು ಕಿವಿಗಿಟ್ಟಳು.

“ಅಣ್ಣಾ, ರೆಕಾರ್ಡಿಂಗ್ ನಡದೈತಿ,” ಎಂದಳು. “ಅರ್ಧಾ ತಾಸು ಬಿಟ್ಟು ಮಾಡು.”

ಆ ಕಡೆಯಿಂದ ಏನಾದರೂ ಬಂತೋ ಇಲ್ಲವೋ, ಅವಳು ಕಟ್ ಮಾಡಿ, ಮೊಬೈಲನ್ನು ಸೈಲೆಂಟಿಗೆ ಹಾಕಿ ರಚನಾಳ ಕೈಗೆ ಕೊಟ್ಟಳು. ಅವಳ ಬೆರಳುಗಳು ತಣ್ಣಗಿದ್ದವು, ಆ ಸೆಕೆಯಲ್ಲೂ. ಹೆಡ್‌ಫೋನನ್ನು ಸರಿಮಾಡಿಕೊಂಡು ಗೂಡಿಗೆ ಹೋಗಿ ಒಂದು ಲೋಟ ನೀರು ಕುಡಿದು, ರಾಣಿಯನ್ನು ಮೊದಲಿನಿಂದ ಸಾಯಿಸಲು ನಿಂತಳು.